ಕಾಫಿ ಕಣದಲ್ಲಿ ತಂಗೂಸಿ ಕಟ್ಟಿ ಸ್ಟಿಯರಿಂಗ್ ಸರಿಪಡಿಸಿದ್ದು: ನನ್ನ ಅನುಭವ

ನನ್ನ ಹಳೆಯ ಕಾರಿನ ಸ್ಟಿಯರಿಂಗನ್ನು ನಾನೇ ಸರಿಪಡಿಸಿ, ಕಾಫಿ ಒಣಗಿಸುವ ಕಣದಲ್ಲಿ ತಂಗೂಸಿ (ಮೀನು ಹಿಡಿಯುವ ದಾರ) ಕಟ್ಟಿ ಅಲೈನ್‌ಮೆಂಟ್, ಅಂದರೆ ಚಕ್ರಗಳ ದಿಕ್ಕು ನೇರ ಮಾಡುವ ಕೆಲಸ, ಮುಗಿಸಿ 14 ತಿಂಗಳಾಯಿತು. ಗಾಡಿ ಹೆಚ್ಚುಕಡಿಮೆ 11 ಸಾವಿರ ಕಿಲೋಮೀಟರ್ ಓಡಿದೆ. ಮುಂದಿನ ಟೈರುಗಳ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿದರೂ ಹೊರಗಿನಿಂದ ಒಳಕ್ಕೆ ಸವರಿದರೂ ಒಂದೇ ಸಮ ನುಣುಪಾಗಿದೆ, ಅಂಚು ಓರೆಯಾಗಿ ಸವೆದಿಲ್ಲ. ಒಂದು ಪೂರ್ತಿ ಮಳೆಗಾಲ ದಾಟುವವರೆಗೆ ಇದರ ಬಗ್ಗೆ ಬರೆಯಬಾರದು ಎಂದು ನಿರ್ಧರಿಸಿದ್ದೆ. ಈಗ ಎರಡನೆಯ ಮಳೆಗಾಲವೂ ಅರ್ಧಕ್ಕೆ ಬಂದಿದೆ. ಹೊರಗೆ ಕಕ್ಕಡ ತಿಂಗಳ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ, ತೋಟಕ್ಕೆ ಇಳಿಯುವಂತಿಲ್ಲ. ಹಾಗಾಗಿ ಕುಳಿತು ಬರೆಯುತ್ತಿದ್ದೇನೆ.

ಗಾಡಿ 2006ರ ಮಾರುತಿ 800. ಪವರ್ ಸ್ಟಿಯರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಇವೆರಡೂ ಇರುವ ಗಾಡಿಗೆ ನಾನು ಇಲ್ಲಿ ಬರೆಯುವುದನ್ನು ಹಾಗೆಯೇ ಅನ್ವಯಿಸಬೇಡಿ. ಅದರಲ್ಲೂ ಕಾಲಮ್ (ಸ್ಟಿಯರಿಂಗ್ ಚಕ್ರದಿಂದ ಕೆಳಗೆ ಇಳಿಯುವ ದಂಡ) ಭಾಗವನ್ನು ಮುಟ್ಟಲೇಬೇಡಿ. ನಮ್ಮ ಮನೆ ಚೇರಂಬಾಣೆಯ ಕಡೆ. ಡಾಂಬರು ರಸ್ತೆಯಿಂದ ಮನೆಯವರೆಗೆ ಒಂದೂವರೆ ಕಿಲೋಮೀಟರ್ ತೋಟದ ಕಲ್ಲುದಾರಿ. ಆ ದಾರಿಯಲ್ಲಿ ದಿನಕ್ಕೆ ನಾಲ್ಕು ಬಾರಿ ಓಡಾಡುವ ಗಾಡಿಯ ಮುಂಭಾಗ ಹೇಗಿರುತ್ತದೆ ಎನ್ನುವುದನ್ನು ಕೊಡಗಿನವರಿಗೆ ವಿವರಿಸಬೇಕಿಲ್ಲ.

ತೊಂದರೆ ಶುರುವಾದದ್ದು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ. ಎಡಕ್ಕೆ ತಿರುಗುವಾಗ ಟಕ್ ಎಂಬ ಒಂದೇ ಸದ್ದು, ನೇರ ದಾರಿಯಲ್ಲಿ ಎಡಕ್ಕೆ ಎಳೆತ, ಸ್ಟಿಯರಿಂಗ್ ಚಕ್ರದಲ್ಲಿ ಎರಡು ಬೆರಳಿನಷ್ಟು ಪ್ಲೇ (ಸಡಿಲ). ಪೇಟೆಯ ಗ್ಯಾರೇಜಿಗೆ ಒಯ್ದೆ. ಗಾಡಿಯನ್ನು ಎತ್ತಲೂ ಇಲ್ಲ, ಚಕ್ರವನ್ನು ಎರಡು ಸಲ ಅಲ್ಲಾಡಿಸಿ, "ರ‍್ಯಾಕ್ ಹೋಗಿದೆ ಅಣ್ಣ, ಪೂರ್ತಿ ಬದಲಿಸಬೇಕು" ಎಂದರು. ರ‍್ಯಾಕ್ ಎಂದರೆ ಸ್ಟಿಯರಿಂಗ್ ತಿರುಗಿಸಿದಾಗ ಎಡಬಲ ಜಾರಿ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು. ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ 11,500 ಎಂದು ಚೀಟಿ ಬರೆದುಕೊಟ್ಟರು. ಆಗ ಆ ಗಾಡಿಯನ್ನು ಮಾರಿದ್ದರೆ ಬರುತ್ತಿದ್ದ ಹಣದ ಕಾಲು ಭಾಗವೇ ಆಗುತ್ತಿತ್ತು. ಮನೆಗೆ ಬಂದು ನಾನೇ ಮಾಡುತ್ತೇನೆ ಎಂದಾಗ ಹೆಂಡತಿಯ ತಮ್ಮ ಹೇಳಿದ್ದು ಇಷ್ಟು: "ಭಾವ, ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಸ್ಟಿಯರಿಂಗ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ." ಮಾತು ನಿಜ. ಕೆಲಸದುದ್ದಕ್ಕೂ ಆ ಮಾತನ್ನು ನಾನು ಮರೆಯಲಿಲ್ಲ. ಆದರೆ ಅವನೂ, ನೆರೆಯ ತೋಟದವರೂ ಒಟ್ಟಾಗಿ ಇನ್ನೊಂದು ಮಾತು ಹೇಳಿದ್ದರು. ಬಿಡಿಭಾಗವನ್ನು ಹೇಗೋ ಹಾಕಬಹುದು, ಅಲೈನ್‌ಮೆಂಟ್ ಮಾತ್ರ ಯಂತ್ರವಿಲ್ಲದೆ ಆಗುವ ಕೆಲಸವಲ್ಲ ಎಂದು. ಅದು ತಪ್ಪು ಎಂದು ತೋರಿಸಲು ನನಗೆ ಒಂಬತ್ತು ತಿಂಗಳು ಹಿಡಿಯಿತು.

ಮೊದಲ ಪ್ರಯತ್ನ ಆಗಸ್ಟಿನಲ್ಲಿ, ಮಳೆಯ ನಡುವೆ, ಗಾಡಿಯ ಶೆಡ್ಡಿನಲ್ಲಿ. ಜಾಕಿಯ ಜತೆಗೆ ಸಿಲ್ವರ್ ಓಕ್ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಚಾಸಿಯ ಕೆಳಗೆ ಕೊಟ್ಟಿದ್ದೆ. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ನಾನು ಕೈಯನ್ನೂ ತೂರಿಸುವುದಿಲ್ಲ. ಹೊರಗಿನ ಎರಡೂ ಟೈ ರಾಡ್ ಎಂಡ್ (ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ಸರಳಿನ ಹೊರತುದಿಯ ಕೀಲು) ಸವೆದಿದ್ದವು, ರಬ್ಬರ್ ಹರಿದು ಕೆಂಪು ಮಣ್ಣು ಒಳಗೆ ಸೇರಿತ್ತು. ಪೇಟೆಯಿಂದ ಒಂದಕ್ಕೆ 280ರಂತೆ ಎರಡು ತಂದೆ. ಬಿಚ್ಚುವುದೇ ಅರ್ಧ ದಿನದ ಕೆಲಸವಾಯಿತು. ಕವೆಯಂಥ ಬೆಣೆಯನ್ನು ನಡುವೆ ತೂರಿಸಿ ಹೊಡೆಯುವ ಪದ್ಧತಿಯಲ್ಲಿ ಎಡಗಡೆಯದು ಬಂತು. ಬಲಗಡೆ ಬೆಣೆ ಜಾರಿ, ಪಕ್ಕದಲ್ಲಿದ್ದ ಒಳ್ಳೆಯ ಬಾಲ್ ಜಾಯಿಂಟಿನ ರಬ್ಬರನ್ನು ಸೀಳಿತು. ಅಂದಿನಿಂದ ಆ ಬೆಣೆಯನ್ನು ಮುಟ್ಟಿಲ್ಲ. ಈಗ ಪುಲ್ಲರ್ ಹಾಕಿ ಬಿಗಿಮಾಡಿ, ಅದು ಎಳೆಯುತ್ತಿರುವಾಗಲೇ ಸ್ಟಿಯರಿಂಗ್ ತೋಳಿನ ಕಣ್ಣಿಗೆ (ಎಂಡಿನ ಪಿನ್ ಕೂರುವ ತೂತಿನ ಭಾಗಕ್ಕೆ) ಒಂದು ಪಕ್ಕದಿಂದ ಭಾರದ ಸುತ್ತಿಗೆ ಆನಿಸಿ, ಎದುರು ಪಕ್ಕದಿಂದ ಇನ್ನೊಂದು ಸುತ್ತಿಗೆಯಲ್ಲಿ ಎರಡು ಪೆಟ್ಟು ಕೊಡುತ್ತೇನೆ. ಪಿನ್ನಿನ ತಲೆಗಲ್ಲ, ಕಣ್ಣಿನ ಪಕ್ಕಕ್ಕೆ. ಟಣ್ ಎಂದು ಬಿಟ್ಟುಕೊಳ್ಳುತ್ತದೆ. ಹೊಸದನ್ನು ಹಾಕುವಾಗ ನಟ್ಟಿನ ಜತೆ ಪಿನ್ನೂ ತಿರುಗಲು ಶುರುವಾದರೆ ಕೆಳಗಿನಿಂದ ಚಿಕ್ಕ ಜಾಕಿಯಲ್ಲಿ ಒತ್ತಿಹಿಡಿಯಿರಿ, ತಾನಾಗಿ ಕಚ್ಚಿಕೊಳ್ಳುತ್ತದೆ.

ಆಮೇಲೆ ಮಾಡಿದ್ದೇ ದೊಡ್ಡ ತಪ್ಪು. ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಿದ್ದೆ, ಎಡಕ್ಕೆ 17, ಬಲಕ್ಕೆ 18 ಎಂದು ನೆನಪು. ಹೊಸದನ್ನೂ ಅಷ್ಟೇ ಸುತ್ತು ಹಾಕಿದೆ. ಎಲ್ಲರೂ ಹೇಳಿಕೊಡುವುದು ಇದನ್ನೇ. ಆದರೆ ಅಗ್ಗದ ಭಾಗದ ಉದ್ದ ಹಳೆಯದಕ್ಕಿಂತ ಮೂರು ನಾಲ್ಕು ಮಿ.ಮೀ. ಕಡಿಮೆ ಇತ್ತು! ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಒಂದು ನಿಮಿಷದ ಕೆಲಸವನ್ನು ನಾನು ಮಾಡಿರಲಿಲ್ಲ. ಚಕ್ರಗಳು ಎಷ್ಟು ಓರೆಯಾಗಿದ್ದವು ಎನ್ನುವುದು ತಿಳಿದದ್ದು ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣದ ಜನಸಂದಣಿ ಕಳೆದ ಮೇಲೆ ಅಮ್ಮನನ್ನು ತಲಕಾವೇರಿಗೆ ಕರೆದುಕೊಂಡು ಹೋದಾಗ. ಭಾಗಮಂಡಲದಿಂದ ಮೇಲಕ್ಕೆ 8 ಕಿಲೋಮೀಟರ್ ಏರುದಾರಿ, ಪ್ರತಿ ತಿರುವಿನಲ್ಲೂ ಟೈರು ಕೀಚಲು ಸದ್ದು ಮಾಡುತ್ತಿತ್ತು. ಮೇಲೆ ನಿಲ್ಲಿಸಿ ನೋಡಿದರೆ ಎರಡೂ ಟೈರುಗಳ ಒಂದು ಅಂಚು ಗರಗಸದ ಹಲ್ಲಿನಂತೆ ಎದ್ದಿತ್ತು. ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ. ಎರಡು ಟೈರಿಗೆ 3,900 ಹೋಯಿತು.

ಅದರ ನಡುವೆ ಯಂತ್ರದ ಅಲೈನ್‌ಮೆಂಟನ್ನೂ ಎರಡು ಸಲ ಮಾಡಿಸಿದ್ದೆ, ಸಲಕ್ಕೆ 400. ಎರಡು ಸಲವೂ ವಾರ ಕಳೆಯುವಷ್ಟರಲ್ಲಿ ಮೊದಲಿನಂತೆಯೇ ಆಯಿತು. ದೋಷ ಯಂತ್ರದ್ದಲ್ಲ. ಒಳಗಿನ ರ‍್ಯಾಕ್ ಎಂಡುಗಳಲ್ಲಿ (ಟೈ ರಾಡ್ ರ‍್ಯಾಕಿಗೆ ಸೇರುವ ಕೀಲುಗಳಲ್ಲಿ) ಪ್ಲೇ ಇದ್ದುದರಿಂದ, ಅಳೆಯುವಾಗ ಒಂದು ಕಡೆ ನಿಂತ ಚಕ್ರ ಓಡುವಾಗ ಇನ್ನೊಂದು ಕಡೆ ನಿಲ್ಲುತ್ತಿತ್ತು. ಸಡಿಲವಾದ ಗಾಡಿಗೆ ಅಲೈನ್‌ಮೆಂಟ್ ಮಾಡಬಾರದು ಎನ್ನುವ ಮಾತನ್ನು 400 ತೆಗೆದುಕೊಳ್ಳುವ ಮೊದಲು ಯಾರಾದರೂ ಹೇಳಬೇಕಿತ್ತು.

ಎರಡನೆಯ ಪ್ರಯತ್ನವನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ. ನವೆಂಬರಿನಲ್ಲಿ, ಪ್ಲೇ ಹೋಗಲಿ ಎಂದು ರ‍್ಯಾಕಿನ ಹಿಂದಿನ, ಹಲ್ಲುಗಳನ್ನು ಒತ್ತಿಹಿಡಿಯುವ ಸ್ಕ್ರೂ ಬಿಗಿಮಾಡಿದೆ. ಸ್ಟಿಯರಿಂಗ್ ನೇರ ಇದ್ದಾಗ ಎಲ್ಲ ಸರಿಯಾಗಿತ್ತು, ಪ್ಲೇ ಮಾಯವಾಗಿತ್ತು, ಸಂತೋಷಪಟ್ಟೆ. ಮರುದಿನ ಸುಳ್ಯಕ್ಕೆ ಹೊರಟವನಿಗೆ ಮದೆನಾಡು ದಾಟಿದ ಮೇಲಿನ ಇಳಿಜಾರಿನಲ್ಲಿ, ಬಲ ತಿರುವು ಮುಗಿದರೂ ಸ್ಟಿಯರಿಂಗ್ ತಾನಾಗಿ ಹಿಂದಕ್ಕೆ ಬರಲಿಲ್ಲ. ಹಿಡಿದುಕೊಂಡಂತೆ ನಿಂತುಬಿಟ್ಟಿತು. ಎದುರಿಗೆ ಬಸ್ಸು. ಎರಡೂ ಕೈಯಲ್ಲಿ ಎಳೆದು ತಿರುಗಿಸಿದೆ, ಬಸ್ಸಿನವರು ನಿಧಾನ ಮಾಡಿದ್ದರಿಂದ ಉಳಿದೆ. ಬದಿಗೆ ನಿಲ್ಲಿಸಿ, ಅಲ್ಲೇ ಮಳೆನೀರಿನ ಚರಂಡಿಯ ಪಕ್ಕ ಮಲಗಿ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ಸಡಿಲಿಸಿ, ಸುಳ್ಯಕ್ಕೆ ಹೋಗದೆ ನಿಧಾನವಾಗಿ ಮನೆಗೆ ಬಂದೆ.

ಕಾರಣ ಆಮೇಲೆ ಹೊಳೆಯಿತು. ನಾವು ಹೆಚ್ಚು ಹೊತ್ತು ಓಡಿಸುವುದು ಸ್ಟಿಯರಿಂಗನ್ನು ನಡುವಿನಲ್ಲಿಟ್ಟು. ಹಾಗಾಗಿ ರ‍್ಯಾಕಿನ ಹಲ್ಲುಗಳು ನಡುಭಾಗದಲ್ಲಿ ಸವೆದಿರುತ್ತವೆ, ಎರಡು ತುದಿಗಳಲ್ಲಿ ಹೊಸದರಂತೆಯೇ ಇರುತ್ತವೆ. ಸವೆದ ಜಾಗಕ್ಕೆ ಹೊಂದುವಂತೆ ಬಿಗಿಮಾಡಿದರೆ ಸವೆಯದ ಜಾಗದಲ್ಲಿ ಕಚ್ಚಿಕೊಳ್ಳುತ್ತದೆ. ಆ ಸ್ಕ್ರೂವನ್ನು ಮುಟ್ಟುವವರು ಗಾಡಿ ಎತ್ತಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸ್ಟಿಯರಿಂಗ್ ತಿರುಗಿಸಿ ನೋಡದೆ ರಸ್ತೆಗೆ ಇಳಿಸಬೇಡಿ. ಇದೊಂದನ್ನು ಕೇಳಿಕೊಳ್ಳುತ್ತೇನೆ.

ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಗಾಡಿಗೆ ಸಮಯವಿರಲಿಲ್ಲ. ಕೊಯ್ಲು, ಕಣ, ಲೆಕ್ಕ, ಚೀಲ. ಓಡಾಟಕ್ಕೆ ಜೀಪು ಇತ್ತು. ಆದರೆ ರಾತ್ರಿ ಕಣದಲ್ಲಿ ಹರಡಿದ ಕಾಫಿಯನ್ನು ರಾಶಿಮಾಡಿ ಟಾರ್ಪಾಲು ಹೊದಿಸುವಾಗಲೆಲ್ಲ ನನ್ನ ತಲೆಯಲ್ಲಿ ಒಂದೇ ಯೋಚನೆ. ಇಷ್ಟು ಅಗಲದ, ಇಷ್ಟು ಸಪಾಟಾದ ಸಿಮೆಂಟು ನೆಲ ಯಾವ ಗ್ಯಾರೇಜಿನಲ್ಲಿದೆ? ಶೆಡ್ಡಿನ ಮಣ್ಣುನೆಲದಲ್ಲಿ ಏಕೆ ಒದ್ದಾಡುತ್ತಿದ್ದೇನೆ?

ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಮುಗಿದು, ಕಣ ಖಾಲಿಯಾಗಿ, ಮೇ ತಿಂಗಳ ಮೊದಲ ವಾರ ಮೂರನೆಯ ಸಲ ಕೈಹಾಕಿದೆ. ಅಮ್ಮ ಒಂದು ಷರತ್ತು ಹಾಕಿದರು. ಕಣದ ಮೇಲೆ ಒಂದು ಹನಿ ಎಣ್ಣೆಯೂ ಬೀಳಬಾರದು. ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ, ಗ್ರೀಸು ಬಿದ್ದ ಜಾಗದಲ್ಲಿ ಒಣಗಿಸಿದ ಚೀಲ ಕಪ್ಪಿನವರೆಗೂ ಆ ವಾಸನೆಯನ್ನು ಒಯ್ಯುತ್ತದೆ. ಅವರ ಮಾತು ನನಗೂ ಸರಿ ಎನಿಸಿತು. ಬಿಚ್ಚುವ, ತೊಳೆಯುವ, ಗ್ರೀಸು ಹಚ್ಚುವ ಕೆಲಸವೆಲ್ಲ ಶೆಡ್ಡಿನಲ್ಲಿ. ಕಣಕ್ಕೆ ಬರುವುದು ಅಳತೆಗೆ ಮಾತ್ರ, ಅದೂ ಅಡಿಯಲ್ಲಿ ಎರಡು ಪದರ ಟಾರ್ಪಾಲು ಹಾಸಿ.

ಈ ಸಲ ರ‍್ಯಾಕನ್ನೇ ಹೊರಗೆ ತೆಗೆದೆ. ಕಾಲಮ್ಮಿನ ಜಾಯಿಂಟು ಮತ್ತು ಪಿನಿಯನ್ (ರ‍್ಯಾಕನ್ನು ಸರಿಸುವ ಚಿಕ್ಕ ಹಲ್ಲುಗಾಲಿ) ಎರಡರ ಮೇಲೂ ಬಿಳಿ ಬಣ್ಣದಲ್ಲಿ ಒಂದೇ ಗೆರೆ ಎಳೆದುಕೊಂಡಿದ್ದೆ. ಅದನ್ನು ಮರೆತರೆ ಮತ್ತೆ ಸೇರಿಸುವಾಗ ಸ್ಟಿಯರಿಂಗ್ ಚಕ್ರ ಎಲ್ಲೋ ನೋಡುತ್ತಿರುತ್ತದೆ. ಹೊರಗೆ ಬಂದ ರ‍್ಯಾಕಿನ ಹಲ್ಲು ನೋಡಿ ನನಗೆ ಗ್ಯಾರೇಜಿನ ಚೀಟಿ ನೆನಪಾಯಿತು. ನಡುವಿನಲ್ಲಿ ತುಸು ಹೊಳಪು ಬಿಟ್ಟರೆ ಹಲ್ಲು ಗಟ್ಟಿಯಾಗಿಯೇ ಇತ್ತು, ಎಲ್ಲಿಯೂ ಮುರಿದಿರಲಿಲ್ಲ, ಗುಂಡಿ ಬಿದ್ದಿರಲಿಲ್ಲ. ಹೋಗಿದ್ದು ಎಡತುದಿಯ ಪ್ಲಾಸ್ಟಿಕ್ ಬುಶ್ (ರ‍್ಯಾಕ್ ಜಾರುವ ಬಳೆ), ಎರಡೂ ರ‍್ಯಾಕ್ ಎಂಡುಗಳು, ಮತ್ತು ಎಡಗಡೆಯ ಬೂಟು (ಅದನ್ನು ಮುಚ್ಚುವ ರಬ್ಬರ್ ಮುಸುಕು). ಹರಿದ ಬೂಟಿನ ಮೂಲಕ ಎರಡು ಮಳೆಗಾಲದ ನೀರು ಒಳಗೆ ಹೋಗಿ, ಗ್ರೀಸು ಕೆಸರಿನಂತಾಗಿತ್ತು. 150 ರೂಪಾಯಿಯ ರಬ್ಬರನ್ನು ಸಮಯಕ್ಕೆ ಬದಲಿಸಿದ್ದರೆ ಇದಿಷ್ಟೂ ಬರುತ್ತಿರಲಿಲ್ಲ. ನಾಲ್ಕು ತಿಂಗಳು ಓಡಿದ್ದ ಆ 280ರ ಹೊರಗಿನ ಎಂಡುಗಳೂ ಆಗಲೇ ಲೊಡಲೊಡ ಅನ್ನುತ್ತಿದ್ದವು, ಅವನ್ನೂ ಎಸೆದು 450ರವನ್ನು ತಂದೆ.

ಬುಶ್ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ. ಅಂಗಡಿಯಲ್ಲಿ ತಕ್ಷಣ ಸಿಗಲಿಲ್ಲವೆಂದು ಕುಶಾಲನಗರದಲ್ಲಿ ಲೇತ್ ಹಿಡಿಸಿ ನೈಲಾನ್ ಸರಳಿನಿಂದ ಒಂದು ಬುಶ್ ಮಾಡಿಸಿದೆ, 250 ತೆಗೆದುಕೊಂಡರು. ಅಳತೆಗೆ ಸರಿಯಾಗಿ ಕುಳಿತಿತ್ತು. ಹಾಕಿದ ಮೇಲೆ ಎರಡು ದಿನ ಬಿಟ್ಟು ಕೈಯಲ್ಲಿ ರ‍್ಯಾಕ್ ಎಳೆದರೆ ಬಿಗಿ. ನೈಲಾನ್ ನೀರನ್ನು ಹೀರಿ ಉಬ್ಬುತ್ತದೆ, ನಮ್ಮ ಕಡೆಯ ಗಾಳಿಯ ತೇವವೇ ಅದಕ್ಕೆ ಸಾಕು. ಆಗಸ್ಟಿನಲ್ಲಿ ಏನಾಗುತ್ತಿತ್ತೋ ಊಹಿಸಿಕೊಳ್ಳಿ. ಕೊನೆಗೆ ಮೈಸೂರಿನಿಂದ ತರಿಸಿದ 80 ರೂಪಾಯಿಯ ಬುಶ್ಶನ್ನೇ ಹಾಕಿದೆ.

ಇನ್ನೊಂದು ಪ್ರಯೋಗ ಕಾಚಂಪುಳಿಯದು, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿಯದು. ಟೈ ರಾಡಿನ ತಿರುಪಿಗೆ ಹಿಡಿದ ತುಕ್ಕನ್ನು ತಂತಿಯ ಬ್ರಷ್ಷಿನಲ್ಲಿ ಉಜ್ಜಿದರೂ ಕಣಿವೆಗಳಲ್ಲಿ ಉಳಿದಿತ್ತು. ಅಡುಗೆಮನೆಯ ಅಟ್ಟದಲ್ಲಿ ಹಳೆಯದೊಂದು ಬಾಟಲಿಯ ತಳದಲ್ಲಿ ಕಾಚಂಪುಳಿ ಗಟ್ಟಿಯಾಗಿ ಕುಳಿತಿತ್ತು, ಪಂದಿಕರಿಗೆ ಇನ್ನು ಬಳಸುವಂತಿರಲಿಲ್ಲ. ನೀರು ಬೆರೆಸಿ ತೆಳ್ಳಗೆ ಮಾಡಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ತುಕ್ಕು ಬಹಳಮಟ್ಟಿಗೆ ಬಿಟ್ಟಿತ್ತು, ಕಬ್ಬಿಣಕ್ಕೆ ಮಾತ್ರ ಕಪ್ಪು ಬಣ್ಣ ಬಂದಿತ್ತು. ಸೋಡಾಪುಡಿಯ ನೀರಿನಲ್ಲಿ ತೊಳೆದು, ಒರೆಸಿ, ಕೂಡಲೇ ಎಣ್ಣೆ ಹಚ್ಚಿದೆ. ಈಗಲೂ ಆ ತಿರುಪುಗಳು ಕೈಯಲ್ಲಿ ತಿರುಗುವಷ್ಟು ನಯವಾಗಿವೆ. ಇವತ್ತಿನ ಬೆಲೆಗೆ ಒಳ್ಳೆಯ ಕಾಚಂಪುಳಿಯನ್ನು ಇದಕ್ಕೆ ಸುರಿಯಿರಿ ಎಂದು ನಾನು ಹೇಳುವುದಿಲ್ಲ, ಹುಣಸೆಹಣ್ಣಿನ ನೀರಿನಲ್ಲೂ ಆಗುತ್ತದೆ, ಎರಡು ರಾತ್ರಿ ಬೇಕು. ಎರಡರಲ್ಲಿಯೂ ಬಾಲ್ ಇರುವ ಭಾಗವನ್ನು ಅದ್ದಬಾರದು.

ಬೂಟಿನ ಬದಲು ಹಳೆಯ ಸೈಕಲ್ ಟ್ಯೂಬ್ ಸುತ್ತಿ ನೋಡಿದ್ದೂ ಉಂಟು, ಅದು ಹಿಂದಿನ ವರ್ಷವೇ. ಒಂದು ಮಳೆಗೆ ಬಾಯಿ ಬಿಟ್ಟಿತು. ಸೀಲ್ ಆದ ಎಂಡಿನೊಳಗೆ ಇಂಜೆಕ್ಷನ್ ಸೂಜಿಯಲ್ಲಿ ಗ್ರೀಸು ಚುಚ್ಚುವುದನ್ನೂ ಮಾಡಿದ್ದೆ. ಸದ್ದು ಎರಡು ತಿಂಗಳು ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ.

ಜೋಡಿಸುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಇದನ್ನು ಓದುವವರಿಗೆ ಗೊತ್ತಿರುವುದೇ. ಕೆಲವು ಮಾತು ಮಾತ್ರ. ರ‍್ಯಾಕ್ ಎಂಡನ್ನು ಬಿಗಿಮಾಡುವಾಗ ರ‍್ಯಾಕನ್ನೇ ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿಯಿರಿ, ಇಲ್ಲವಾದರೆ ಆ ಬಲವೆಲ್ಲ ಪಿನಿಯನ್ ಹಲ್ಲಿಗೆ ಹೋಗುತ್ತದೆ. ಲಾಕ್ ವಾಷರಿನ ಕಿವಿಯನ್ನು ಮಡಚದೆ ಬೂಟು ಮುಚ್ಚಬೇಡಿ. ಹೊರಗಿನ ಎಂಡಿನ ನಟ್ಟಿಗೆ ಸ್ಪ್ಲಿಟ್ ಪಿನ್ ತೂತು ಸಾಲಿಗೆ ಬರದಿದ್ದರೆ ಇನ್ನಷ್ಟು ಬಿಗಿಮಾಡಿ ಸಾಲಿಗೆ ತನ್ನಿ, ಹಿಂದಕ್ಕೆ ಸಡಿಲಿಸಬೇಡಿ. ಹಳೆಯ ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಮತ್ತೆ ಹಾಕುವವರನ್ನು ನೋಡಿದ್ದೇನೆ. ಎರಡು ರೂಪಾಯಿ ಉಳಿಸುವ ಜಾಗ ಅದಲ್ಲ. ತುಕ್ಕು ಹಿಡಿದು ಕುಳಿತ ಚೆಕ್ ನಟ್ಟನ್ನು (ಟೈ ರಾಡ್ ತಿರುಗದಂತೆ ಹಿಡಿಯುವ ನಟ್ಟು) ಬೆಂಕಿ ಇಲ್ಲದೆ ಬಿಡಿಸಲು ನಾನು ಡೀಸೆಲಿನ ಜತೆ ಇನ್ನೊಂದು ವಸ್ತುವನ್ನು ಬೆರೆಸಿ ಬಿಡುತ್ತೇನೆ. ಅದು ಯಾವುದು, ಎಷ್ಟು ಎನ್ನುವುದನ್ನು ಮೂರು ವರ್ಷ ಪರೀಕ್ಷಿಸಿ ಕಂಡುಕೊಂಡಿದ್ದೇನೆ. ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಇನ್ನು ಅಲೈನ್‌ಮೆಂಟ್.

ಕಣ ನೋಡಲು ಸಪಾಟು, ಆದರೆ ಮಳೆನೀರು ಹರಿದುಹೋಗಲಿ ಎಂದು ಓರೆಯಾಗಿಯೇ ಮಾಡಿರುತ್ತಾರೆ. ಮೇಸ್ತ್ರಿಗಳು ಬಳಸುವ ನೀರಿನ ಪೈಪಿನಲ್ಲಿ ಮಟ್ಟ ನೋಡಿದೆ. ನಮ್ಮದರಲ್ಲಿ 20 ಅಡಿಗೆ ಒಂದೂವರೆ ಇಂಚು ಇಳಿಜಾರು. ಗಾಡಿಯನ್ನು ಇಳಿಜಾರಿನ ನೇರಕ್ಕೆ ನಿಲ್ಲಿಸಿದರೆ ಎಡಬಲ ಸಮವಾಗಿ ಸಿಗುತ್ತದೆ, ಮುಂದೆ ಹಿಂದೆ ಇರುವ ವ್ಯತ್ಯಾಸ ಈ ಅಳತೆಗೆ ಲೆಕ್ಕಕ್ಕಿಲ್ಲ. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು.

ಮೊದಲ ದಿನ ನಾಲ್ಕು ಗೂಟಗಳನ್ನು ಬಕೆಟ್ಟಿನ ಮರಳಿನಲ್ಲಿ ನೆಟ್ಟು, ಮೀನು ಹಿಡಿಯುವ ತಂಗೂಸಿಯನ್ನು ಗಾಡಿಯ ಎರಡೂ ಪಕ್ಕ ಚಕ್ರದ ನಡುಮಟ್ಟದಲ್ಲಿ ಎಳೆದು ಕಟ್ಟಿದೆ. ಹಿಂದಿನ ಚಕ್ರದಿಂದಲೂ ಮುಂದಿನ ಚಕ್ರದಿಂದಲೂ ದಾರ ಒಂದೇ ದೂರದಲ್ಲಿರುವಂತೆ ಹೊಂದಿಸಿ, ಮುಂದಿನ ಚಕ್ರಗಳನ್ನು ಆ ದಾರಕ್ಕೆ ನೇರ ಮಾಡಿದೆ. ಓಡಿಸಿದರೆ ಗಾಡಿ ನೇರ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತಿತ್ತು. ನೆರೆಯವರು "ಹೇಳಿದೆವಲ್ಲ" ಎಂಬಂತೆ ನೋಡಿದರು. ಎರಡು ರಾತ್ರಿ ನಿದ್ದೆಗೆಟ್ಟೆ. ಮೂರನೆಯ ಬೆಳಿಗ್ಗೆ ಗಾಡಿಯ ಹಿಂದೆ ಕುಳಿತು ಸುಮ್ಮನೆ ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು. ಈ ಗಾಡಿಯಲ್ಲಿ ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಹಿಂದಿನವುಗಳ ಅಂತರಕ್ಕಿಂತ ತುಸು ಹೆಚ್ಚು. ಅಳೆದರೆ ಪಕ್ಕಕ್ಕೆ ಏಳೆಂಟು ಮಿ.ಮೀ. ಬಂತು. ಹಾಗಾದರೆ ನಾನು ಕಟ್ಟಿದ ಎರಡು ದಾರಗಳು ಒಂದಕ್ಕೊಂದು ಸಮಾನಾಂತರವಾಗಿರಲಿಲ್ಲ, ಮುಂದಕ್ಕೆ ಹೋದಂತೆ ಅಗಲವಾಗುತ್ತಿದ್ದವು. ಅವನ್ನು ನಂಬಿ ಹೊಂದಿಸಿದ ಚಕ್ರಗಳೂ ಮುಂದಕ್ಕೆ ಬಾಯಿ ತೆರೆದು ನಿಂತಿದ್ದವು.

ಪರಿಹಾರ ಸರಳವಾಗಿತ್ತು. ನೀರಿನ ಕಬ್ಬಿಣದ ಪೈಪಿನ ಎರಡು ತುಂಡು, ಗಾಡಿಯ ಅಗಲಕ್ಕಿಂತ ಒಂದು ಅಡಿ ಹೆಚ್ಚು ಉದ್ದ. ಎರಡನ್ನೂ ಒಟ್ಟಿಗೆ ಇಟ್ಟು, ಎರಡು ತುದಿಗಳ ಹತ್ತಿರ ಒಂದೇ ಅಳತೆಗೆ ಗರಗಸದಲ್ಲಿ ಕಚ್ಚು ಹಾಕಿದೆ. ಒಂದು ಪೈಪು ಗಾಡಿಯ ಮುಂದೆ, ಇನ್ನೊಂದು ಹಿಂದೆ, ಕಾಫಿ ಹಣ್ಣಿನ ಕ್ರೇಟುಗಳ ಮೇಲೆ. ಕಚ್ಚಿನಿಂದ ಕಚ್ಚಿಗೆ ತಂಗೂಸಿ, ತುದಿಗಳಿಗೆ ಕಲ್ಲು ನೇತುಹಾಕಿದರೆ ದಾರ ಸದಾ ಬಿಗಿ. ಈಗ ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ, ಅದು ತಪ್ಪುವಂತಿಲ್ಲ. ಆಮೇಲೆ ಪೈಪುಗಳನ್ನು ಅತ್ತಿತ್ತ ಸರಿಸುತ್ತಾ, ಹಿಂದಿನ ಚಕ್ರದ ಹಬ್ಬಿನ (ಮಧ್ಯಭಾಗದ) ನಡುವಿನಿಂದ ಎಡದ ದಾರಕ್ಕೆ ಎಷ್ಟೋ ಬಲದ ದಾರಕ್ಕೂ ಅಷ್ಟೇ, ಮುಂದಿನ ಹಬ್ಬಿನಿಂದಲೂ ಹಾಗೆಯೇ ಎಡಬಲ ಸಮ ಎನ್ನುವಂತೆ ತರಬೇಕು. ಒಂದನ್ನು ಸರಿಸಿದರೆ ಇನ್ನೊಂದು ಕೆಡುತ್ತದೆ, ಮೊದಲ ಸಲ ನನಗೆ ಒಂದೂವರೆ ಗಂಟೆ ಬೇಕಾಯಿತು, ಈಗ ಕಾಲು ಗಂಟೆ. ಬೆಳಿಗ್ಗೆ ಏಳಕ್ಕೆ ಮೊದಲು ಮಾಡಿ. ಗಾಳಿ ಎದ್ದರೆ ದಾರ ನಡುಗುತ್ತದೆ, ಅರ್ಧ ಮಿ.ಮೀ. ಓದಲು ಆಗುವುದಿಲ್ಲ.

ಚಕ್ರ ನೆಲದ ಮೇಲೆ ಸುಲಭವಾಗಿ ಜಾರಬೇಕು, ಇಲ್ಲದಿದ್ದರೆ ಟೈ ರಾಡ್ ತಿರುಗಿಸಿದರೂ ಟೈರು ಹಿಡಿದುಕೊಂಡು ಸುಳ್ಳು ಅಳತೆ ಕೊಡುತ್ತದೆ. ಮೊದಲು ಎರಡು ನೆಲದ ಟೈಲ್ಸ್ ಮುಖಾಮುಖಿ ಇಟ್ಟು ನಡುವೆ ಗ್ರೀಸು ಹಚ್ಚಿದೆ, ಗಾಡಿ ಹತ್ತುವಾಗಲೇ ಒಡೆಯಿತು. ಗೊಬ್ಬರದ ಪ್ಲಾಸ್ಟಿಕ್ ಚೀಲ ಮಡಚಿ ಹಾಕಿದರೆ ಮುದುಡಿಕೊಂಡಿತು. ಕೊನೆಗೆ ದಪ್ಪ ತಗಡಿನ ತುಂಡುಗಳು, ಚಕ್ರಕ್ಕೆ ಎರಡೆರಡು, ನಡುವೆ ಗ್ರೀಸು. ಬೆರಳಿನಲ್ಲಿ ತಳ್ಳಿದರೆ ಚಕ್ರ ತಿರುಗುವಷ್ಟು ಸಲೀಸು. ಗಾಡಿಯನ್ನು ಜಾಕಿಯಿಂದ ಇಳಿಸಿ ನೇರವಾಗಿ ಅಳೆಯಬೇಡಿ. ಜಾಕಿಯಿಂದ ಇಳಿದ ಚಕ್ರ ಒಳಕ್ಕೆ ಮಡಚಿಕೊಂಡಂತೆ ನಿಂತಿರುತ್ತದೆ. ನಾಲ್ಕೈದು ಮೀಟರ್ ಹಿಂದೆ ಮುಂದೆ ಉರುಳಿಸಿ, ಬಂಪರನ್ನು ನಾಲ್ಕು ಸಲ ಒತ್ತಿ ಬಿಟ್ಟ ಮೇಲೆ ತಗಡಿನ ಮೇಲೆ ಹತ್ತಿಸಬೇಕು.

ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ತಿರುಗಿಸಿ, ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ಅಲ್ಲೇ ಅಲುಗದಂತೆ ಕಟ್ಟುತ್ತೇನೆ. ಕಟ್ಟುವ ವಿಧಾನ ನನ್ನದೇ, ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅದರ ಚಿತ್ರ ಕೇಳಿದವರಿಗೂ ಇನ್ನೂ ಕೊಟ್ಟಿಲ್ಲ. ನೀವು ನಿಮ್ಮ ರೀತಿಯಲ್ಲಿ ಕಟ್ಟಿಕೊಳ್ಳಿ. ಆಮೇಲೆ ಪ್ರತಿ ಮುಂದಿನ ಚಕ್ರದ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಸ್ಟೀಲ್ ಸ್ಕೇಲಿನಲ್ಲಿ ಅಳತೆ. ರಿಮ್ಮು ಡೊಂಕಾಗಿರಬಹುದು, ನಮ್ಮ ದಾರಿಗಳಲ್ಲಿ ಡೊಂಕಾಗದ ರಿಮ್ಮೇ ಅಪರೂಪ. ಹಾಗಾಗಿ ಒಂದು ಸಲ ಅಳೆದು, ಗಾಡಿಯನ್ನು ಚಕ್ರ ಅರ್ಧ ಸುತ್ತು ತಿರುಗುವಷ್ಟು ಉರುಳಿಸಿ, ಮತ್ತೆ ಅಳೆದು ಸರಾಸರಿ ತೆಗೆಯುತ್ತೇನೆ. ಪ್ರತಿ ಚಕ್ರದಲ್ಲೂ ಮುಂದಿನ ಅಂಚು ಹಿಂದಿನದಕ್ಕಿಂತ ಅರ್ಧ ಮಿ.ಮೀ. ಒಳಕ್ಕೆ, ಅಂದರೆ ಎರಡೂ ಸೇರಿ ಒಂದು ಮಿ.ಮೀ. ಇಡುತ್ತೇನೆ. ಟೈ ರಾಡಿನ ಒಂದು ಪೂರ್ತಿ ಸುತ್ತಿಗೆ ರಿಮ್ಮಿನ ಹತ್ತಿರ ಮೂರೂವರೆಯಿಂದ ನಾಲ್ಕು ಮಿ.ಮೀ. ಬದಲಾಗುತ್ತದೆ. ಕೊನೆಯ ಹೊಂದಿಕೆ ಎಂಟನೆಯ ಒಂದು ಸುತ್ತಿನಷ್ಟೇ. ಚೆಕ್ ನಟ್ ಬಿಗಿಮಾಡುವಾಗ ಅಳತೆ ಜರುಗುತ್ತದೆ, ಬಿಗಿಮಾಡಿದ ಮೇಲೆ ಮತ್ತೊಮ್ಮೆ ಅಳೆಯದೆ ಎದ್ದೇಳಬೇಡಿ.

ಎರಡೂ ಕಡೆಯ ಟೈ ರಾಡುಗಳಲ್ಲಿ ಕಾಣುವ ತಿರುಪಿನ ಉದ್ದ ಹೆಚ್ಚುಕಡಿಮೆ ಸಮ ಇರಬೇಕು. ಒಂದೇ ಕಡೆ ತಿರುಗಿಸಿ ಅಳತೆ ತಂದುಬಿಟ್ಟರೆ ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಯಲುಸೀಮೆಯವರಿಗೆ ನಡೆದೀತು. ನಮ್ಮಲ್ಲಿ ಒಂದು ಕಡೆಯ ಹೇರ್‌ಪಿನ್ ತಿರುವಿನಲ್ಲಿ ಗಾಡಿ ತಿರುಗುತ್ತದೆ, ಇನ್ನೊಂದು ಕಡೆಯದರಲ್ಲಿ ಹಿಂದಕ್ಕೆ ತೆಗೆದು ಮತ್ತೆ ತಿರುಗಿಸಬೇಕಾಗುತ್ತದೆ.

ಮೇ ಮೂರನೆಯ ವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ತಗಡಿನಿಂದ ಇಳಿಸಿದೆ. ಮೊದಲು ತೋಟದೊಳಗೆ, ಆಮೇಲೆ ನಿಧಾನ ವೇಗದಲ್ಲಿ ಡಾಂಬರಿನ ಮೇಲೆ. ಅಂದು ಸಂಜೆಯೇ ಮತ್ತೆ ಎತ್ತಿ ಪ್ರತಿ ನಟ್ಟು, ಪ್ರತಿ ಪಿನ್ನು ನೋಡಿದೆ. 100 ಕಿಲೋಮೀಟರ್ ಆದಾಗ ಮತ್ತೊಮ್ಮೆ. ಆಮೇಲೆ ತಲಕಾವೇರಿಯ ಅದೇ ಏರು. ತಿರುವಿನಿಂದ ಹೊರಬರುವಾಗ ಸ್ಟಿಯರಿಂಗ್ ಕೈಯೊಳಗೆ ತಾನಾಗಿ ಜಾರುತ್ತಾ ನೇರವಾಗುತ್ತಿತ್ತು. ಟೈರಿನ ಸದ್ದಿಲ್ಲ. ಮೇಲೆ ನಿಲ್ಲಿಸಿ ಎರಡೂ ಟೈರುಗಳ ಮೇಲೆ ಅಂಗೈಯಿಟ್ಟೆ, ಬಿಸಿ ಎರಡರಲ್ಲೂ ಒಂದೇ.

ಮಾತಿಗೆ ನಂಬದವರಿಗಾಗಿ ಜೂನಿನಲ್ಲಿ ಮೈಸೂರಿಗೆ ಹೋದಾಗ ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಗೆ ಒಯ್ದೆ, ಭಾವನೆಂಟನೂ ಜತೆಗಿದ್ದ. ಏನೂ ಹೇಳದೆ "ಒಮ್ಮೆ ಪರೀಕ್ಷಿಸಿ" ಎಂದಷ್ಟೇ ಕೇಳಿದೆ. ಮುಂದಿನ ಎರಡು ಚಕ್ರಗಳೂ ಪರದೆಯ ಮೇಲೆ ಹಸಿರಿನಲ್ಲಿ ಬಂದವು. ಹುಡುಗ ಸ್ಪ್ಯಾನರನ್ನು ಕೆಳಗಿಟ್ಟು, "ಇತ್ತೀಚೆಗೆ ಮಾಡಿಸಿದ್ದೀರಲ್ಲ ಸಾರ್, ಇದನ್ನು ಮುಟ್ಟುವುದು ಬೇಡ" ಎಂದ. ಎಲ್ಲಿ ಮಾಡಿಸಿದ್ದು ಎಂದು ಅವನು ಕೇಳಿದಾಗ ಉತ್ತರ ಕೊಟ್ಟದ್ದು ನಾನಲ್ಲ, ಭಾವನೆಂಟ. "ನಮ್ಮ ಭಾವನ ಕಣದಲ್ಲಿ" ಎಂದ.

ಹಣದ ಲೆಕ್ಕ ನೆನಪಿನಿಂದ ಬರೆಯುತ್ತೇನೆ. ಉಪಯೋಗಕ್ಕೆ ಬಂದ ಭಾಗಗಳು: ಹೊರಗಿನ ಎಂಡು ಎರಡಕ್ಕೆ 900, ರ‍್ಯಾಕ್ ಎಂಡು ಎರಡಕ್ಕೆ 800, ಬೂಟು 300, ಬುಶ್ 80, ಗ್ರೀಸು, ಪಿನ್ನು, ತಂತಿ ಎಲ್ಲ ಸೇರಿ 150. ಅಲ್ಲಿಗೆ 2,200 ಚಿಲ್ಲರೆ. ಪುಲ್ಲರ್ ಮತ್ತು ಸ್ಕೇಲಿಗೆ 850. ವ್ಯರ್ಥವಾದದ್ದು ಬೇರೆ: ಮೊದಲ ಎಂಡುಗಳ 560, ಯಂತ್ರದ 800, ಲೇತಿನ 250, ಟೈರಿನ 3,900. ಎಲ್ಲ ಕೂಡಿಸಿದರೆ ಎಂಟೂವರೆ ಸಾವಿರದ ಆಸುಪಾಸು. ಅಷ್ಟು ತಪ್ಪುಗಳನ್ನು ಮಾಡಿಯೂ ಗ್ಯಾರೇಜಿನ ಚೀಟಿಗಿಂತ ಮೂರು ಸಾವಿರ ಕಡಿಮೆ. ಆ ಹಳೆಯ ರ‍್ಯಾಕ್ ಇಂದಿಗೂ ಅದೇ ಗಾಡಿಯಲ್ಲಿದೆ.

ಅದಾದ ಮೇಲೆ ನೆಂಟರ, ನೆರೆಯವರ ನಾಲ್ಕು ಗಾಡಿಗಳಿಗೆ ಇದೇ ಪೈಪು, ಇದೇ ತಂಗೂಸಿ ಬಳಸಿದ್ದೇನೆ. ಒಂದು ಓಮ್ನಿ, ಎರಡು ಆಲ್ಟೊ, ಇನ್ನೊಂದು 800. ಪವರ್ ಸ್ಟಿಯರಿಂಗ್ ಇದ್ದ ಆಲ್ಟೊದಲ್ಲಿ ಹೊರಗಿನ ಎಂಡು ಮತ್ತು ಅಲೈನ್‌ಮೆಂಟ್ ಮಾತ್ರ ಮಾಡಿದೆ, ಉಳಿದದ್ದನ್ನು ಮುಟ್ಟಲಿಲ್ಲ. ಓಮ್ನಿ ಒಂದು ಸಲ ಮರಳಿ ಬಂತು, ಅದರ ಹಿಂದಿನ ಆಕ್ಸಲ್ಲೇ ತುಸು ಓರೆಯಾಗಿತ್ತು. ಹಿಂದಿನ ಚಕ್ರಗಳನ್ನೂ ದಾರಕ್ಕೆ ಅಳೆಯಬೇಕು ಎನ್ನುವುದನ್ನು ಅದು ಕಲಿಸಿತು, ಈಗ ಮೊದಲು ಅಳೆಯುವುದೇ ಹಿಂದಿನದನ್ನು.

ಈ ಬಾರಿ ಕಣ ಡಿಸೆಂಬರಿನವರೆಗೆ ಖಾಲಿ ಇರುತ್ತದೆ. ಮಳೆ ನಿಂತು ಸಿಮೆಂಟು ಒಣಗಿದ ಕೂಡಲೇ, ಪುತ್ತರಿ ಹಬ್ಬಕ್ಕೆ ಮೊದಲು, ನಮ್ಮ ಜೀಪಿನ ಸರದಿ. ಅದರದು ರ‍್ಯಾಕ್ ಅಲ್ಲ, ಡ್ರ್ಯಾಗ್ ಲಿಂಕಿನ (ಉದ್ದ ಸರಳು ಎಳೆದು ಚಕ್ರ ತಿರುಗಿಸುವ) ಗಾಡಿ. 60ರ ವೇಗದಲ್ಲಿ ಸ್ಟಿಯರಿಂಗ್ ಗಡಗಡ ನಡುಗುತ್ತದೆ. ಭಾಗಗಳನ್ನು ತಂದಿಟ್ಟಿದ್ದೇನೆ, ಈ ಸಲ ಹಳೆಯದರ ಪಕ್ಕದಲ್ಲಿಟ್ಟು ಉದ್ದ ಅಳೆದೇ ತಂದದ್ದು.